2048ಕ್ಕೆ ಸಮುದ್ರದಲ್ಲಿ ಮೀನೇ ಇರಲ್ವಾ? ಒಂದು ಸ್ಪಷ್ಟನೆ

"2048ಕ್ಕೆ ಸಮುದ್ರದಲ್ಲಿ ಒಂದು ಮೀನೂ ಉಳಿಯಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಸಂದೇಶ ಸುತ್ತುತ್ತಲೇ ಇದೆ. ವಿಜ್ಞಾನಿಗಳು ಹಾಗೆ ಹೇಳಿಲ್ಲ.

ಇದರ ಮೂಲ 2006ರ ಒಂದು ಪ್ರಬಂಧ. ಕೆನಡಾದ ಕಡಲ ವಿಜ್ಞಾನಿ ಬೋರಿಸ್ ವರ್ಮ್ ಮತ್ತು ಸಂಗಡಿಗರು ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಒಂದು ಬಗೆಯ ಮೀನು ವರ್ಷದಲ್ಲಿ ಬಲೆಗೆ ಬಿದ್ದ ಪ್ರಮಾಣ, ಹಿಂದೆ ದಾಖಲಾದ ಅತಿ ಹೆಚ್ಚಿನ ಪ್ರಮಾಣದ ಶೇ 10ಕ್ಕಿಂತ ಕಡಿಮೆಯಾದರೆ ಅದನ್ನು 'ಕುಸಿತ' ಎಂದು ಕರೆದರು. ಕುಸಿತದ ಗೆರೆಯನ್ನು ಹಾಗೇ ಮುಂದೆ ಎಳೆದರೆ, ಹಿಡಿಯುವ ಮೀನುಗಳೆಲ್ಲ 2048ಕ್ಕೆ ಆ ಮಟ್ಟ ಮುಟ್ಟುತ್ತವೆ ಅಂತ ಲೆಕ್ಕ. ಕುಸಿತ ಬೇರೆ, ನಿರ್ನಾಮ ಬೇರೆ.

ಇನ್ನೊಂದು ತೊಡಕಿದೆ. ಬಲೆಗೆ ಬಿದ್ದದ್ದನ್ನು ನೋಡಿ ಕಡಲಲ್ಲಿ ಎಷ್ಟಿದೆ ಅಂತ ಹೇಳೋಕೆ ಆಗಲ್ಲ. ನಮ್ಮ ಮಲ್ಪೆಯನ್ನೇ ನೋಡಿ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಸಾಲಾಗಿ ನಿಂತಿರುತ್ತವೆ. ಮಾರುಕಟ್ಟೆಗೆ ಬರುವ ಮೀನು ತೀರಾ ಕಡಿಮೆ. ಹಾಗಂತ ಕಡಲು ಖಾಲಿಯಾಯಿತು ಅಂತೀವಾ?

ಈ ಲೆಕ್ಕವನ್ನು ಜೋರಾಗಿ ಟೀಕಿಸಿದವರಲ್ಲಿ ಅಮೆರಿಕದ ಮೀನುಗಾರಿಕಾ ವಿಜ್ಞಾನಿ ರೇ ಹಿಲ್ಬಾರ್ನ್ ಒಬ್ಬರು. ಆಮೇಲೆ ಅವರೂ ವರ್ಮ್ ಅವರೂ ಒಟ್ಟಿಗೆ ಕೂತು 2009ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಜಗಳವಾಡಿದವರು ಹೀಗೆ ಜೊತೆಗೂಡುವುದು ಅಪರೂಪ, ಅಲ್ವಾ? ಚೆನ್ನಾಗಿ ಅಧ್ಯಯನವಾದ 10 ಕಡಲ ಪ್ರದೇಶಗಳ ಪೈಕಿ 5ರಲ್ಲಿ ಮೀನುಗಾರಿಕೆಯ ಒತ್ತಡ ಇಳಿದಿದೆ ಎಂದು ಅದರಲ್ಲಿ ತೋರಿಸಿದರು.

ಹಾಗಂತ ಎಲ್ಲ ಸರಿಯಿದೆ ಅಂತಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿ ಪ್ರಕಾರ, ಲೆಕ್ಕಕ್ಕೆ ಸಿಕ್ಕ ಮೀನು ಸಂಗ್ರಹಗಳಲ್ಲಿ (ಅಂದರೆ ಒಂದೊಂದು ಕಡಲ ಭಾಗದಲ್ಲಿರುವ ಒಂದೊಂದು ಬಗೆಯ ಮೀನಿನ ಗುಂಪುಗಳಲ್ಲಿ) ಶೇ 37.7ರಷ್ಟನ್ನು ಮಿತಿಗಿಂತ ಜಾಸ್ತಿ ಹಿಡಿಯಲಾಗಿದೆ. 1974ರಲ್ಲಿ ಇದು ಶೇ 10ರಷ್ಟಿತ್ತು.