ಎದೆ ಝಲ್ ಅನ್ನಲಿ, ಅದು ಸೋಲಲ್ಲ

ಪ್ರಾಚೀನ ಗ್ರೀಸ್, ರೋಮ್‌ನ ಸ್ಟೋಯಿಕ್ ಅನ್ನುವ ತತ್ವಪಂಥದವನು ಅಂದರೆ ಕಲ್ಲಿನ ಹಾಗೆ ಇರುವವನು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅಳಬಾರದು, ಹೆದರಬಾರದು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸ್ಟೋಯಿಕ್ ಆಗಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಪ್ರತಿಮೆ ತೋರಿಸುವ ರೀಲ್ಸ್‌ಗಳಲ್ಲೂ ಜಾಸ್ತಿ ಕೇಳಿಸೋದು ಇದೇ ಮಾತು. ನನಗೆ ಇದರಿಂದ ನಿಜಕ್ಕೂ ಬೇಸರ ಆಗುತ್ತದೆ. ಆ ಹಳಬರು ಹೇಳಿದ್ದು ಇದಲ್ಲ.

ಎರಡನೇ ಶತಮಾನದ ರೋಮನ್ ಲೇಖಕ ಔಲಸ್ ಗೆಲಿಯಸ್ ಒಂದು ಹಡಗಿನ ಪ್ರಸಂಗ ಬರೆದಿಟ್ಟಿದ್ದಾನೆ. ರಾತ್ರಿಯಿಡೀ ಬಿರುಗಾಳಿ. ಹಡಗಿನೊಳಗೆ ನೀರು ನುಗ್ಗುತ್ತಿದೆ, ಜನ ಗೋಳಾಡುತ್ತಿದ್ದಾರೆ. ಅದೇ ಹಡಗಿನಲ್ಲಿ ಹೆಸರುವಾಸಿಯಾದ ಒಬ್ಬ ಸ್ಟೋಯಿಕ್ ಗುರು ಇದ್ದ. ಇವನು ಹೇಗಿದ್ದಾನೆ ನೋಡೋಣ ಅಂತ ಗೆಲಿಯಸ್ ತಿರುಗಿ ನೋಡಿದರೆ, ಅವನ ಮುಖವೂ ಬಿಳಿಚಿಕೊಂಡಿತ್ತು. ಕೂಗಾಟ, ಗೋಳಾಟ ಮಾತ್ರ ಇರಲಿಲ್ಲ. ಗಾಳಿ ನಿಂತ ಮೇಲೆ ಗೆಲಿಯಸ್ ಮೆಲ್ಲಗೆ ಕಾರಣ ಕೇಳಿದ. ಗುರು ಚೀಲದಿಂದ ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೆಟಸ್‌ನ ಪುಸ್ತಕ ತೆಗೆದು ಕೊಟ್ಟ. ಅದರಲ್ಲಿದ್ದದ್ದು ಇಷ್ಟು: ದೊಡ್ಡ ಸದ್ದು ಕೇಳಿದಾಗ, ಕೆಟ್ಟ ಸುದ್ದಿ ಬಂದಾಗ, ಜ್ಞಾನಿಯ ಮನಸ್ಸೂ ಒಂದು ಕ್ಷಣ ನಡುಗುತ್ತದೆ, ಮುಖ ಬಿಳಿಚುತ್ತದೆ. ಅದು ಯೋಚನೆಗಿಂತ ಮೊದಲೇ ಆಗಿಬಿಡುವ ಕೆಲಸ, ಯಾರ ಕೈಯಲ್ಲೂ ಇಲ್ಲ. ಆಮೇಲೆ 'ಹೌದು, ಎಲ್ಲಾ ಮುಗೀತು' ಅಂತ ಮನಸ್ಸು ಒಪ್ಪಿಗೆ ಕೊಡುತ್ತದಲ್ಲ, ನಮ್ಮ ಕೈಯಲ್ಲಿರುವುದು ಅಲ್ಲಿಂದ.

ನನ್ನ ಮಟ್ಟಿಗೆ ಇಡೀ ಸ್ಟೋಯಿಕ್ ವಿಚಾರದ ಜೀವ ಇಲ್ಲಿದೆ.

ಸಂಜೆ ಮೇಲಧಿಕಾರಿಯಿಂದ ಮೆಸೇಜ್ ಬರುತ್ತದೆ ಅಂತಿಟ್ಟುಕೊಳ್ಳಿ: 'ನಾಳೆ ಸ್ವಲ್ಪ ಮಾತಾಡಬೇಕು.' ಅಷ್ಟೇ. ಎದೆ ಝಲ್ ಅನ್ನುತ್ತದೆ. ಅನ್ನಲಿ. ಅದನ್ನು ತಡೆಯೋಕೆ ಹೋಗಿ ಸುಮ್ನೆ ನಮ್ಮನ್ನೇ ಬೈದುಕೊಳ್ಳುತ್ತೇವೆ. ನಿಜವಾದ ಪೆಟ್ಟು ಆಮೇಲೆ ಶುರು. 'ಕೆಲಸ ಹೋಯ್ತು. ನಾನು ಯಾವುದಕ್ಕೂ ಲಾಯಕ್ಕಿಲ್ಲ.' ಮೆಸೇಜ್‌ನಲ್ಲಿ ಇದ್ಯಾವುದೂ ಇಲ್ಲ, ಅಲ್ವಾ? ಅಲ್ಲಿರುವುದು ಮೂರೇ ಪದ. ಮಿಕ್ಕಿದ್ದೆಲ್ಲ ನಾವು ಬರೆದದ್ದು. ಬಂದದ್ದೆಷ್ಟು, ನಾವು ಸೇರಿಸಿದ್ದೆಷ್ಟು ಅಂತ ಬೇರೆ ಮಾಡಿ ನೋಡಿದರೆ ಭಯ ಪೂರ್ತಿ ಹೋಗುವುದಿಲ್ಲ. ಆದರೆ ಅದು ಹೇಳಿದ್ದನ್ನೆಲ್ಲ ನಂಬುವ ಅಗತ್ಯ ಹೋಗುತ್ತದೆ.

ಇದು ಬರೀ ಹಳೆಯ ಕಾಲದ ಮಾತೂ ಅಲ್ಲ. 20ನೇ ಶತಮಾನದಲ್ಲಿ ಇದೇ ದಾರಿಯ ಮಾನಸಿಕ ಚಿಕಿತ್ಸೆ ಕಟ್ಟಿದ ಆಲ್ಬರ್ಟ್ ಎಲಿಸ್, ಆರನ್ ಬೆಕ್ ಇಬ್ಬರೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿದ್ದಾರೆ. ಹಾಗಂತ ಪುಸ್ತಕ ಓದಿದರೆ ಸಾಕು, ವೈದ್ಯರು ಬೇಡ ಅಂತ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ.

ರೋಮ್‌ನ ಇನ್ನೊಬ್ಬ ಸ್ಟೋಯಿಕ್ ಸೆನೆಕಾನ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ರಾತ್ರಿ ದೀಪ ತೆಗೆದ ಮೇಲೆ, ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಅವನು ದಿನವನ್ನೆಲ್ಲ ಒಮ್ಮೆ ತಿರುವಿ ಹಾಕುತ್ತಿದ್ದ. ಆ ವಾದದಲ್ಲಿ ದನಿ ಜೋರಾಯ್ತು, ಇವನಿಗೆ ಬುದ್ಧಿ ಹೇಳೋಕೆ ಹೋಗಿ ನೋಯಿಸಿಬಿಟ್ಟೆ, ಹೀಗೆ. ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ಆದರೆ ತನ್ನನ್ನು ತಾನೇ ಹಿಂಸೆ ಮಾಡಿಕೊಳ್ಳುತ್ತಲೂ ಇರಲಿಲ್ಲ. ಈ ಸಲ ಕ್ಷಮಿಸಿದ್ದೇನೆ, ಮತ್ತೆ ಹೀಗೆ ಮಾಡಬೇಡ ಅಂತ ತನಗೇ ಹೇಳಿಕೊಂಡು ಮಲಗುತ್ತಿದ್ದ. ನಮ್ಮಲ್ಲಿ ಎಷ್ಟು ಜನ ನಮ್ಮ ಜೊತೆ ನಾವೇ ಇಷ್ಟು ಮೆತ್ತಗೆ ಮಾತಾಡುತ್ತೇವೆ?

ಇದೆಲ್ಲ ನಮಗೆ ನಾವು ಹೇಳಿಕೊಳ್ಳುವ ಮಾತು. ಮನೆಯವರನ್ನು ಕಳೆದುಕೊಂಡವರ ಮುಂದೆ, ದಿನಾ ಅವಮಾನ ಸಹಿಸುತ್ತಿರುವವರ ಮುಂದೆ 'ಎಲ್ಲಾ ನೀನು ನೋಡೋ ರೀತಿಯಲ್ಲಿದೆ' ಅನ್ನುವುದು ಕ್ರೌರ್ಯ. ಹಿಂಸೆ ಕೊಡುವವರನ್ನು ಬಿಟ್ಟು ನೋವು ತಿಂದವರನ್ನೇ ತಿದ್ದಲು ಹೊರಟ ಹಾಗೆ. ಗುಲಾಮನಾಗಿ ಹುಟ್ಟಿದ ಎಪಿಕ್ಟೆಟಸ್ ಕೂಡ, ಅಳುವವರನ್ನು ಕಂಡರೆ ಸಮಾಧಾನ ಹೇಳು, ಬೇಕಾದರೆ ಜೊತೆಗೇ ನರಳು ಅನ್ನುತ್ತಾನೆ. ಒಳಗೊಳಗೆ ಮಾತ್ರ ನರಳಬೇಡ ಅಂತ ಸೇರಿಸುತ್ತಾನೆ. ಅಲ್ಲಿ ಅವನ ಮಾತು ನನಗೆ ಒಪ್ಪಿಗೆಯಿಲ್ಲ. ಹತ್ತಿರದವರ ಸಂಕಟ ನಮ್ಮ ಒಳಗೂ ಸ್ವಲ್ಪ ತಟ್ಟಲೇಬೇಕು.