ಒಂದೇ ಆಮೆಗೆ ಮೂರು ಸಲ ಜೀವದಾನ

ಮಳೆಗಾಲದ ಕಡಲು ದಡಕ್ಕೆ ತಂದೊಗೆಯುವ ಸಾಮಾನುಗಳಲ್ಲಿ ಗಾಯಗೊಂಡ ಕಡಲಾಮೆಯಷ್ಟು ಉಪಕಾರಿ ಇನ್ನೊಂದಿಲ್ಲ. ತೆಂಗಿನಕಾಯಿ ತೇಲಿಬಂದರೆ ಎತ್ತಿಕೊಂಡವನಿಗಷ್ಟೇ ಲಾಭ. ಆಮೆ ಬಂದರೆ ಊರಿಗೆಲ್ಲ ಪುಣ್ಯ, ಇಲಾಖೆಗೊಂದು ಪತ್ರಿಕಾ ಪ್ರಕಟಣೆ, ಯುವಕ ಮಂಡಲಕ್ಕೊಂದು ಫ್ಲೆಕ್ಸು.

ಕಾರವಾರದಿಂದ ಉಳ್ಳಾಲದವರೆಗೆ ಎಲ್ಲಿ ಬೇಕಾದರೂ ನಡೆಯಬಹುದಾದ ಈ ಕಾರ್ಯಾಚರಣೆಗೆ ಹಿಡಿಯುವ ಸಮಯ ನಾಲ್ಕು ನಿಮಿಷ. ಮೊದಲು ಆಮೆಯನ್ನು ಅಂಗಾತ ಹಾಕಿ ಜೀವ ಇದೆಯೇ ನೋಡಬೇಕು. ಅದರ ಶ್ವಾಸಕೋಶ ಇರುವುದು ಬೆನ್ನಿನ ಚಿಪ್ಪಿಗೆ ಅಂಟಿದಂತೆ. ಅಂಗಾತ ಮಾಡಿದರೆ ಹೊಟ್ಟೆಯೊಳಗಿನ ಭಾರವೆಲ್ಲ ಅದರ ಮೇಲೆ ಕೂತು ಉಸಿರು ಕಟ್ಟುತ್ತದೆ. ಹಾಗಾಗಿ ಜೀವ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಆಮೇಲೆ ಮುಂದಿನ ಎರಡು ಈಜುಗಾಲು ಹಿಡಿದು ಇಬ್ಬರು ಎತ್ತಬೇಕು. ಬೆಳೆದ ಆಲಿವ್ ರಿಡ್ಲೆ ಆಮೆ ಸುಮಾರು 40 ಕಿಲೋ ತೂಗುತ್ತದೆ. ಅಷ್ಟು ಭಾರ ಭುಜದ ಕೀಲಿಗೆ ಜೋತುಬಿದ್ದರೆ ಏನಾಗುತ್ತದೆಂದು ಮೂಟೆ ಹೊರುವವರನ್ನು ಕೇಳಬಹುದು. ವಿಷ್ಣುವಿನ ಎರಡನೇ ಅವತಾರವಾದ್ದರಿಂದ ಅರಿಶಿನ, ಕುಂಕುಮ, ಮೇಲೊಂದು ಲೋಟ ಹಾಲು. ಕೊನೆಗೆ ಸೊಂಟದ ಮಟ್ಟದ ನೀರಿಗೆ ತಳ್ಳಿ ಚಪ್ಪಾಳೆ. 'ಮರಳಿ ಕಡಲಿಗೆ' ಎಂಬ ತಲೆಬರಹ ಆಗಲೇ ಟೈಪಾಗಿರುತ್ತದೆ.

ಆ ಪ್ರಾಣಿ ಕಡಲು ಬಿಟ್ಟು ಬಂದದ್ದೇಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ತೀರಕ್ಕೆ ಆರೋಗ್ಯವಂತ ಕಡಲಾಮೆ ಬರುವುದು ಮೊಟ್ಟೆ ಇಡಲು. ಅದೂ ಹೆಣ್ಣು, ಅದೂ ರಾತ್ರಿ ಹೊತ್ತು, ಹೆಚ್ಚಾಗಿ ಚಳಿಗಾಲದಲ್ಲಿ. ಗಂಡು ಆಮೆ ಮರಿಯಾಗಿ ನೀರಿಗೆ ಇಳಿದ ಮೇಲೆ ಮರಳಿನ ಮುಖ ನೋಡುವುದೇ ಅಪರೂಪ. ಹಾಗಿರುವಾಗ ಜುಲೈಯ ಬೆಳಗ್ಗೆ ಹತ್ತು ಗಂಟೆಗೆ, ಈಜುಗಾಲಿಗೆ ನೈಲಾನ್ ಬಲೆ ಸುತ್ತಿಕೊಂಡು, ಬೆನ್ನ ತುಂಬ ಬಾರ್ನಕಲ್ ಎಂಬ ಅಂಟುಚಿಪ್ಪಿನ ಜೀವಿಗಳನ್ನು ಬೆಳೆಸಿಕೊಂಡು ಮಲಗಿದ ಆಮೆ ದಾರಿ ತಪ್ಪಿ ಬಂದದ್ದಲ್ಲ. ಈಜಲು ಆಗದೆ ಬಂದದ್ದು. ಅದನ್ನು ನೀರಿಗೆ ನೂಕುವುದೆಂದರೆ ಐಸಿಯುವಿನಲ್ಲಿ ಇರುವವರನ್ನು ಎಬ್ಬಿಸಿ, 'ನಿಮ್ಮ ಮನೆ ಇಲ್ಲೇ ಹತ್ತಿರ, ನಡೆದುಕೊಂಡು ಹೋಗಿ' ಅಂದ ಹಾಗೆ.

ತೇಲಿತೆಂದು ಚಪ್ಪಾಳೆ ಹೊಡೆಯುವುದಂತೂ ನೋಡುವ ಹಾಗಿರುತ್ತದೆ. ಒಂದು ಪಕ್ಕ ವಾಲಿಕೊಂಡು, ಹಿಂಭಾಗ ಮೇಲೆದ್ದು, ಎಷ್ಟು ಒದ್ದಾಡಿದರೂ ಮುಳುಗಲಾಗದೆ ಹೋದರೆ ಅದು ರೋಗದ ಲಕ್ಷಣ. ಕರುಳಿನಲ್ಲಿ ಗಾಳಿ ತುಂಬಿರಬಹುದು, ಇಲ್ಲವೇ ಶ್ವಾಸಕೋಶ ಹರಿದು ಗಾಳಿ ಚಿಪ್ಪಿನಡಿ ಸೇರಿರಬಹುದು. ಮುಳುಗಲಾಗದಿದ್ದರೆ ಮೇವಿಲ್ಲ, ಬೋಟಿನ ಪ್ರೊಪೆಲ್ಲರ್ ಬಂದಾಗ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಆಮೆ ತೇಲಿ ತೋರಿಸಬೇಕಾಗಿಲ್ಲ, ಮುಳುಗಿ ತೋರಿಸಬೇಕು. ಆದರೆ ಮುಳುಗಿದ್ದು ವಿಡಿಯೊದಲ್ಲಿ ಕಾಣುವುದಿಲ್ಲವಲ್ಲ!

ಬಲೆಯಲ್ಲಿ ಸಿಕ್ಕಿ ನೀರು ಕುಡಿದ ಆಮೆಯ ವಿಷಯದಲ್ಲಿ ನಮ್ಮ ಆತುರ ಇನ್ನೊಂದು ದಿಕ್ಕಿಗೆ ಓಡುತ್ತದೆ. ಅದು ಅಲುಗಾಡದಿದ್ದರೆ ಸತ್ತಿತೆಂದು ತೀರ್ಪು. ಎಷ್ಟೋ ಸಲ ಅದಕ್ಕೆ ಎಚ್ಚರ ತಪ್ಪಿರುತ್ತದೆ, ಅಷ್ಟೇ. ಹೊಟ್ಟೆ ಕೆಳಗಾಗಿ ನೆರಳಿನಲ್ಲಿ ಮಲಗಿಸಿ, ಹಿಂಭಾಗವನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿ, ಮೂಗು ಬಿಟ್ಟು ಉಳಿದ ಮೈಗೆ ಒದ್ದೆ ಗೋಣಿ ಹಾಸಬೇಕು. ಆಗಾಗ ಕಣ್ಣಿನ ರೆಪ್ಪೆಯನ್ನೋ ಬಾಲವನ್ನೋ ಮೆಲ್ಲಗೆ ಮುಟ್ಟಿ ನೋಡುತ್ತಾ 4ರಿಂದ 24 ಗಂಟೆ ಕಾಯಬೇಕು. ಗೋಣಿ ಸಿಗುತ್ತದೆ, ನೆರಳಿಗೆ ದೋಣಿ ಇದೆ. 24 ಗಂಟೆ ಕಾಯುವ ರೀಲನ್ನು ನೋಡುವವರು ಯಾರು?

ಯಾರೋ ಪುಣ್ಯಾತ್ಮರು ಆಮೆಯನ್ನು ನೀರಿಗೆ ನೂಕದೆ ಅರಣ್ಯ ಇಲಾಖೆಗೆ ತಿಳಿಸಿದರು ಅಂತಿಟ್ಟುಕೊಳ್ಳಿ. ಆಗ ಶುರುವಾಗುವುದು ಗಡಿ ವಿವಾದ. ಇಳಿತವಿದ್ದಾಗ ಆಮೆ ಅರಣ್ಯದವರದ್ದು, ಭರತ ಬಂದರೆ ಮೀನುಗಾರಿಕೆಯವರದ್ದು, ಮದ್ದು ಕೊಡಲು ಪಶುಸಂಗೋಪನೆಯವರು ಬರಬೇಕು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹುಲಿಯ ಸಾಲಿನಲ್ಲೇ ಕೂತ ಪ್ರಾಣಿ ಇದು. ಹುಲಿಗಾದರೆ ಬೋನು ಬರುತ್ತದೆ, ಆಮೆಗೆ ಬರುವುದು ಮೀನಿನ ಟೆಂಪೊ.

ತೊಟ್ಟಿಯ ಕತೆ ಕೇಳಿ. ಮೊದಲ ಒಂದು ದಿನ ಸಿಹಿನೀರಿನಲ್ಲಿ ಇಟ್ಟರೆ ಒಳ್ಳೆಯದೇ, ಬಾರ್ನಕಲ್, ಜಿಗಣೆಗಳು ಸಾಯುತ್ತವೆ. ಆದರೆ ನಿತ್ರಾಣಗೊಂಡ ಆಮೆಗೆ ನೀರು ಆಳವಿರಬಾರದು, ತಲೆ ಎತ್ತಲಾಗದೆ ತೊಟ್ಟಿಯಲ್ಲೇ ಮುಳುಗಿ ಸತ್ತೀತು. ಆಮೇಲೆ ಉಪ್ಪುನೀರು ಬೇಕು, ಸಾವಿರ ಲೀಟರಿಗೆ 30ರಿಂದ 35 ಕಿಲೋ ಉಪ್ಪಿನ ಲೆಕ್ಕ. ಐವತ್ತು ಮಾರು ದೂರದಲ್ಲಿ ಅರಬ್ಬೀ ಸಮುದ್ರ ಇದೆಯಲ್ಲ ಅನ್ನುತ್ತೀರಿ. ಅಲ್ಲಿಂದ ಪಂಪ್ ಹಾಕಲು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಾದೀತೆಂಬ ಸಂಶಯ ಕಡತದಲ್ಲಿ ಮೂಡಿದೆ. ಉಪ್ಪಿಗೆ ಮೂರು ಕೊಟೇಶನ್ ಕರೆಯುವುದೇ ಸುಲಭ.

ಮದ್ದಿನದ್ದು ಇನ್ನೊಂದು ಫಜೀತಿ. ತಣ್ಣನೆಯ ರಕ್ತದ ಪ್ರಾಣಿಯ ಮೈಯಿಂದ ಮದ್ದು ಇಳಿಯುವುದು ನಿಧಾನ. ಸೆಫ್ಟಾಜಿಡಿಮ್‌ನಂಥ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದೇ 72 ಗಂಟೆಗೊಮ್ಮೆ. ಚುಚ್ಚುವುದು ಮೈಯ ಮುಂಭಾಗಕ್ಕೆ, ಏಕೆಂದರೆ ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹೋಗುವುದರಿಂದ ಮದ್ದು ಮೈಗೆ ಹತ್ತುವ ಮೊದಲೇ ಸೋರಿಹೋಗಬಹುದು. ಹೀಗೆ ಸರಿಯಾಗಿಯೇ ಚಿಕಿತ್ಸೆ ನಡೆದಿರುವಾಗ ಆಡಿಟ್‌ನವರು ಕೇಳುತ್ತಾರೆ: ಮಂಗಳವಾರ, ಬುಧವಾರ ಇಂಜೆಕ್ಷನ್ ಏಕಿಲ್ಲ?

ಗಾಳದ ದಾರ ಬಾಯಿಂದಲೋ ಬಾಲದ ಬುಡದಿಂದಲೋ ಇಣುಕುತ್ತಿದ್ದರೆ ಎಳೆಯದೆ ಬಿಡುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಒಳಗಿನ ತುದಿ ಎಲ್ಲೋ ಕಚ್ಚಿಕೊಂಡಿರುತ್ತದೆ. ಲಾಡಿ ಎಳೆದಾಗ ಪೈಜಾಮದ ನಡುಪಟ್ಟಿ ನೆರಿಗೆಯಾಗುವಂತೆ ಕರುಳು ನೆರಿಗೆಯಾಗಿ ಕೊಯ್ದುಕೊಳ್ಳುತ್ತದೆ. ಹೊರಗೆ ಉದ್ದ ಜೋಲುವ ದಾರವನ್ನು ಒಂದಿಷ್ಟು ತುದಿ ಬಿಟ್ಟು ಕತ್ತರಿಸಿ, ಎಕ್ಸ್‌ರೇ ತೆಗೆಸಬೇಕು. ದಾರ ಎಳೆದು 'ಹೊರತೆಗೆದೆವು' ಎಂದು ಕ್ಯಾಮೆರಾಕ್ಕೆ ಹಿಡಿಯುವವರ ಕೈಯಲ್ಲಿ ಇರುವುದು ಅರ್ಧ ದಾರ ಮಾತ್ರ.

ಚಿಪ್ಪು ಒಡೆದರೆ ಮಾಯಲು ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಗಾಯ ತೊಳೆಯಬೇಕು, ಜೇನು ಸವರಬೇಕು, ಬೂತಾಯಿ, ಬೊಂಡಾಸ್ ತಿನ್ನಿಸಬೇಕು, ತೂಕ ಬರೆದಿಡಬೇಕು. ಇದಕ್ಕೆ ಉದ್ಘಾಟನೆ ಇಲ್ಲ, ಶಾಲು ಇಲ್ಲ. ಆಮೆ ಬಲೆಯಿಂದ ತಾನೇ ಹೊರಬೀಳುವಂತೆ ಟ್ರಾಲ್ ಬಲೆಯ ಕೊರಳಿಗೆ ಕೂರಿಸುವ ಕಂಬಿ ಚೌಕಟ್ಟಿಗೂ ಇಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆಂದೇ ಅದನ್ನು ರೂಪಿಸಿ ಕೊಟ್ಟಿದೆ. ಅದನ್ನು ಬಳಸದ ಕಾರಣಕ್ಕೇ ನಮ್ಮ ಸಮುದ್ರದ ಸೀಗಡಿ ಕೊಳ್ಳುವುದನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಸೀಗಡಿಯೂ ಅದೇ ಬಾಗಿಲಿನಿಂದ ಜಾರುತ್ತದೆಂದು ಬೋಟಿನವರ ತಕರಾರು. ಅದು ಪೂರ್ತಿ ಸುಳ್ಳೂ ಅಲ್ಲ, ನಷ್ಟ ಕಟ್ಟಿಕೊಡುವವರು ಯಾರೆಂದು ಮಾತ್ರ ಸಭೆಯಲ್ಲಿ ಯಾರೂ ಹೇಳುವುದಿಲ್ಲ.

ಇರಲಿ, ನಮ್ಮ ಆಮೆಗೆ ಬರೋಣ. ಮೊದಲ ದಿನ ಕಡಲಿಗೆ ಬಿಟ್ಟದ್ದು ಮರುದಿನ ಹೊಳೆಬಾಯಿಯ ಆಚೆ ದಡಕ್ಕೆ ಬಿತ್ತು. ಅದು ಬೇರೆ ವಲಯ, ಬೇರೆ ಯುವಕ ಮಂಡಲ. ಮತ್ತೆ ರಕ್ಷಣೆ, ಮತ್ತೆ ಬಿಡುಗಡೆ. ನಾಲ್ಕನೇ ದಿನ ಮೂರನೇ ಊರು. ಅಲ್ಲಿನವರಿಗೂ ಅದು ಹೊಸ ಆಮೆಯೇ, ಬಾರ್ನಕಲ್‌ಗಳ ಸಂದಿಯಲ್ಲಿ ಒಣಗಿದ ಕುಂಕುಮ ಮಾತ್ರ ಹಳೆಯದು. ವರದಿಯಲ್ಲಿ 'ರಕ್ಷಿಸಿದ ಆಮೆಗಳು: 3' ಎಂದು ದಾಖಲಾಯಿತು. ಐದನೇ ದಿನ ಮರಣೋತ್ತರ ಪರೀಕ್ಷೆ ಮಾಡಿ ಗಾಳಿಮರಗಳಡಿ ಹೂತದ್ದನ್ನು ಬೇರೆ ನಮೂನೆಯಲ್ಲಿ ಬರೆಯಬೇಕಂತೆ, ಆ ಎರಡು ಕಾಗದ ಒಂದೇ ಮೇಜಿಗೆ ಬರುವುದಿಲ್ಲ.

ಪೇಟೆಯಲ್ಲಿ ಅಭಿನಂದನೆಯ ಫ್ಲೆಕ್ಸು ಎದ್ದಿದೆ. ಮೇಲೆ ಹನ್ನೊಂದು ಮುಖಗಳು ಸಾಲಾಗಿ ನಗುತ್ತಿವೆ. ಕೆಳಗೆ ಮೂಲೆಯಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಆಮೆ, ಚಿಪ್ಪಿನ ಮೇಲೆ ನಕ್ಷತ್ರದ ಗೆರೆ, ಆನೆಯಂಥ ನಾಲ್ಕು ಕಾಲು. ಅದು ನೆಲದಾಮೆ. ನೀರಿಗೆ ಬಿಟ್ಟರೆ ಆ ಜಾತಿಯದ್ದು ಕಲ್ಲಿನಂತೆ ತಳ ಸೇರುತ್ತದೆ.