ಭೂತಕ್ಕೆ ‘ನಾಳೆ ಬಾ’, ಆಟಗಾರನಿಗೆ ‘2034ಕ್ಕೆ ಬಾ’

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟುವ ಭೂತ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ಅಕ್ಷರ ಬಲ್ಲ, ಕ್ಯಾಲೆಂಡರ್ ಇಲ್ಲದ ಭೂತ. ಅಮೆರಿಕದ ಬೇಸ್‌ಬಾಲ್ ಮಾಲೀಕರು ಇದೇ ವಿದ್ಯೆಯನ್ನು ವಕೀಲರನ್ನಿಟ್ಟು ಸಿದ್ಧಿಸಿಕೊಂಡಿದ್ದಾರೆ. ಒಂದೇ ತೊಡಕು: ಅಲ್ಲಿನ ಭೂತಕ್ಕೆ ಏಜೆಂಟ್ ಇರುತ್ತಾನೆ. ಅದು ದಿನಾಂಕ, ಮೊತ್ತ, ಸಹಿ ಮೂರನ್ನೂ ಹಾಕಿಸಿಕೊಂಡೇ ಮನೆಯ ಮೆಟ್ಟಿಲಿಳಿಯುವುದು.

2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಜಪಾನಿನ ಆಟಗಾರ ಶೋಹೇ ಒಟಾನಿ ಅವರಿಗೆ ಬರೆದುಕೊಟ್ಟ ಪತ್ರವನ್ನೇ ನೋಡಿ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಆಗಿನ ದರದಲ್ಲಿ ಹತ್ತಿರ ಹತ್ತಿರ 5,800 ಕೋಟಿ ರೂಪಾಯಿ. ಮೊಣಕೈ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಮೊದಲ ವರ್ಷ ಚೆಂಡೆಸೆಯಲಾರರು, ಬ್ಯಾಟು ಮಾತ್ರ ಬೀಸುವರು ಎಂದು ಗೊತ್ತಿದ್ದೇ ಕೊಟ್ಟದ್ದು. ಆದರೆ ಈ 70 ಕೋಟಿಯಲ್ಲಿ 68 ಕೋಟಿ ಉದ್ರಿ! ಮೈ ಬಗ್ಗಿಸಿ ಆಡುವ ಹತ್ತು ವರ್ಷ ಸಿಗುವುದು ವರ್ಷಕ್ಕೆ 20 ಲಕ್ಷ ಡಾಲರ್. ಒಪ್ಪಂದ ಮುಗಿದ ಮೇಲೆ 2034ರಿಂದ 2043ರವರೆಗೆ ಪ್ರತಿ ಜುಲೈ 1ಕ್ಕೆ 6.8 ಕೋಟಿ ಡಾಲರ್. ಬಡ್ಡಿ ಸೊನ್ನೆ. ಬಡ್ಡಿಯಿಲ್ಲದೆ ಹತ್ತು ವರ್ಷಕ್ಕೆ ಸಾಲ ಕೊಡುವವರು ಮಾವನ ಮನೆಯಲ್ಲೂ ಸಿಗುವುದಿಲ್ಲ. ಇಲ್ಲಿ ನೌಕರನೇ ಯಜಮಾನನಿಗೆ ಕೊಟ್ಟಿದ್ದಾನೆ.

ಇದೇಕೆ ಹೀಗೆ ಎಂದರೆ ತೆರಿಗೆಯ ಕಥೆ ಹೇಳಬೇಕು. ಐಪಿಎಲ್‌ನಲ್ಲಿ ಪರ್ಸ್ ಎಂಬುದಿದೆ. 2025ರ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿ, ಅದು ಮುಗಿದರೆ ಕೈ ಕಟ್ಟಿ ಕೂರಬೇಕು. ಬೇಸ್‌ಬಾಲ್‌ನಲ್ಲಿ ಅಂಥ ಗೋಡೆ ಇಲ್ಲ. ಇರುವುದು ತಂಡದ ವರ್ಷದ ಒಟ್ಟು ಸಂಬಳಕ್ಕೊಂದು ಗೆರೆ, ದಾಟಿದರೆ ತೆರಿಗೆ ಎಂಬ ಹೆಸರಿನ ದಂಡ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಮೊದಲ ಸಲ ದಾಟಿದರೆ ಮೀರಿದ ಮೊತ್ತಕ್ಕೆ ಶೇ 20, ಮರುವರ್ಷವೂ ದಾಟಿದರೆ ಶೇ 30, ಮೂರನೇ ವರ್ಷದಿಂದ ಶೇ 50. ಇದು ಬರೀ ಅಡಿಪಾಯ. ಗೆರೆಯಿಂದ 2 ಕೋಟಿ ಮೇಲೆ ಹೋದರೆ ಒಂದು ಹೆಚ್ಚುವರಿ ದಂಡ, 4 ಕೋಟಿಗೆ ಇನ್ನೊಂದು ಮತ್ತು ಹೊಸ ಆಟಗಾರರ ಆಯ್ಕೆಯಲ್ಲಿ ಹತ್ತು ಸ್ಥಾನ ಹಿಂದಕ್ಕೆ, 6 ಕೋಟಿ ಮೀರಿದರೆ ಶೇ 60 ಮೇಲೇರುತ್ತದೆ. ಹಳೇ ತಪ್ಪಿತಸ್ಥನಿಗೆ ಕಟ್ಟಕಡೆಯ ಮಜಲಿನಲ್ಲಿ ಒಟ್ಟು ಶೇ 110. ಅಂದರೆ 1 ಕೋಟಿ ಡಾಲರ್ ಸಂಬಳದ ಒಬ್ಬ ಆಟಗಾರನನ್ನು ಅಲ್ಲಿ ತಂದು ಕೂರಿಸಿದರೆ ತಂಡಕ್ಕೆ ತಗಲುವುದು 2.1 ಕೋಟಿ. ಮೂಗಿಗಿಂತ ಮೂಗುತಿ ಭಾರ ಎನ್ನುವುದಕ್ಕೆ ಇಷ್ಟು ಚೊಕ್ಕ ಲೆಕ್ಕದ ಉದಾಹರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಆ ಕೊನೆಯ ಮಜಲಿಗೆ ‘ಕೋಹೆನ್ ತೆರಿಗೆ’ ಎಂಬ ಅಡ್ಡಹೆಸರಿದೆ. ನ್ಯೂಯಾರ್ಕ್ ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಅವರನ್ನು ಕಟ್ಟಿಹಾಕಲೆಂದೇ ಉಳಿದ ಮಾಲೀಕರು 2022ರಲ್ಲಿ ಕೂಡಿಸಿದ ಮಜಲು ಅದು. ದಂಡಕ್ಕೆ ತಮ್ಮ ಹೆಸರಿಟ್ಟದ್ದನ್ನು ಅವರು ಬಿರುದೆಂದು ಭಾವಿಸಿದಂತಿದೆ. 2023ರಲ್ಲಿ ತೆರಿಗೆಯೊಂದನ್ನೇ 10 ಕೋಟಿ ಡಾಲರ್ ಮೀರಿ ಕಟ್ಟಿದರು. ತಂಡ ಗೆದ್ದದ್ದು 75, ಸೋತದ್ದು 87.

ಈಗ ಉದ್ರಿಯ ಜಾಣತನ. ತೆರಿಗೆಯ ಲೆಕ್ಕಕ್ಕೆ ಹಿಡಿಯುವುದು ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಹಣವನ್ನು ಮುಂದೂಡಿದ್ದರೆ ಅದರ ಇವತ್ತಿನ ಬೆಲೆ ಎಷ್ಟೋ ಅಷ್ಟನ್ನು ಮಾತ್ರ. ಹತ್ತು ವರ್ಷದ ಆಚೆ ಬರುವ 6.8 ಕೋಟಿಯನ್ನು ಸುಮಾರು ಶೇ 4.4ರ ಬಡ್ಡಿಯಲ್ಲಿ ಹಿಂದಕ್ಕೆ ಎಳೆದರೆ 4.4 ಕೋಟಿಯ ಆಸುಪಾಸಿಗೆ ಇಳಿಯುತ್ತದೆ. ಕೈಗೆ ಕೊಡುವ 20 ಲಕ್ಷ ಸೇರಿಸಿ: 4.6 ಕೋಟಿ. ಪತ್ರಿಕೆಯ ತಲೆಬರಹದಲ್ಲಿ 7 ಕೋಟಿ, ತೆರಿಗೆ ಪುಸ್ತಕದಲ್ಲಿ 4.6 ಕೋಟಿ. ನಡುವಿನ 2.4 ಕೋಟಿಗೆ ಶೇ 110ರಂತೆ ದಂಡ ಹಾಕಿ ನೋಡಿ, ವರ್ಷಕ್ಕೆ 2.64 ಕೋಟಿ ಉಳಿತಾಯ. ಆಟಗಾರನಿಗೆ ದಾಖಲೆಯ ಮೊತ್ತ ಹೇಳಿಕೊಳ್ಳುವ ಸುಖ, ತಂಡಕ್ಕೆ ಅದನ್ನು ಕೊಡದಿರುವ ಸುಖ. ತಂಡ ಪೂರ್ತಿ ಕೈಬೀಸಿಕೊಂಡು ತಿರುಗುವಂತಿಲ್ಲ, ನಿಜ. ಆಟಗಾರ ದುಡಿದ ಹಂಗಾಮಿನ ನಂತರದ ಎರಡನೇ ಜುಲೈ 1ರೊಳಗೆ ಆ ಉದ್ರಿಯ ಇಂದಿನ ಬೆಲೆಯಷ್ಟನ್ನು ಎತ್ತಿಡಬೇಕೆಂಬ ನಿಯಮವಿದೆ. ಹಾಗೆಂದು ಎತ್ತಿಟ್ಟ ಹಣ ಮಡಕೆಯಲ್ಲಿ ನಿದ್ದೆ ಮಾಡಬೇಕಿಲ್ಲ, ಹೂಡಿಕೆಯಲ್ಲಿ ಬೆಳೆಯಬಹುದು.

ತೆರಿಗೆ ತಪ್ಪಿಸುವ ಪುಣ್ಯದಲ್ಲಿ ಆಟಗಾರನಿಗೂ ಪಾಲುಂಟು. ಕನಿಷ್ಠ ಹತ್ತು ವರ್ಷ ಸಮ ಕಂತುಗಳಲ್ಲಿ ಬರುವ ಮುಂದೂಡಿದ ಸಂಬಳಕ್ಕೆ ತೆರಿಗೆ ಹಾಕುವ ಹಕ್ಕು ಪಡೆಯುವವನು ಆಗ ವಾಸವಿರುವ ರಾಜ್ಯದ್ದು, ದುಡಿಸಿಕೊಂಡ ರಾಜ್ಯದ್ದಲ್ಲ ಎಂದು ಅಮೆರಿಕದ ಕಾನೂನು ಹೇಳುತ್ತದೆ. 2034ರಲ್ಲಿ ಒಟಾನಿ ಜಪಾನಿಗೋ ಫ್ಲಾರಿಡಾಕ್ಕೋ ಗಂಟುಮೂಟೆ ಕಟ್ಟಿದರೆ, ಶೇ 13.3ರವರೆಗೆ ಆದಾಯ ತೆರಿಗೆ ವಸೂಲು ಮಾಡುವ ಕ್ಯಾಲಿಫೋರ್ನಿಯಾಗೆ ಅರಿಸಿನ ಕುಂಕುಮವೂ ಇಲ್ಲ. ಆ ರಾಜ್ಯದ ಕಂಟ್ರೋಲರ್ (ಹಣಕಾಸು ಲೆಕ್ಕಾಧಿಕಾರಿ) 2024ರ ಜನವರಿಯಲ್ಲೇ ಕಾನೂನು ತಿದ್ದಿ ಎಂದು ಸಂಸತ್ತಿಗೆ ಮೊರೆಯಿಟ್ಟರು. ಒಪ್ಪಂದದಲ್ಲಿ ಇನ್ನೊಂದು ಸ್ವಾರಸ್ಯವಿದೆ: ಮಾಲೀಕ ಮಾರ್ಕ್ ವಾಲ್ಟರ್ ಅಥವಾ ತಂಡದ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷ ಆಂಡ್ರ್ಯೂ ಫ್ರೀಡ್‌ಮನ್ ಜಾಗ ಬಿಟ್ಟರೆ ಒಟಾನಿಯೂ ಬಿಟ್ಟು ಹೋಗಬಹುದು. ಯಜಮಾನ ನೌಕರನನ್ನು ಕಟ್ಟಿಹಾಕುವ ಷರತ್ತು ಹಳತಾಯಿತು, ಇದು ನೌಕರ ಯಜಮಾನನಿಗೆ ಹಾಕಿದ ಮೂಗುದಾರ.

ಉದ್ರಿ ಒಲ್ಲೆ ಎನ್ನುವವರಿಗೆ ಎರಡನೇ ಉಪಾಯ, ರಬ್ಬರಿನಂತೆ ವರ್ಷ ಎಳೆಯುವುದು. ಸರಾಸರಿ ಕಡಿಮೆಯಾಗಬೇಕೆಂದರೆ ಭಾಜಕ ದೊಡ್ಡದಾಗಬೇಕು. ಐದನೇ ಕ್ಲಾಸಿನ ಗಣಿತ. 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯೇಗೊ ಪಾದ್ರೆಸ್ ಝ್ಯಾಂಡರ್ ಬೋಗಾರ್ಟ್ಸ್‌ಗೆ 28 ಕೋಟಿ, ಫಿಲಡೆಲ್ಫಿಯಾ ಫಿಲೀಸ್ ಟ್ರೇ ಟರ್ನರ್‌ಗೆ 30 ಕೋಟಿ ಕೊಟ್ಟವು. ಇಬ್ಬರಿಗೂ 11 ವರ್ಷ. ಬೋಗಾರ್ಟ್ಸ್‌ರ 28 ಕೋಟಿಯನ್ನು ಏಳು ವರ್ಷಕ್ಕೆ ಕೊಟ್ಟಿದ್ದರೆ ಲೆಕ್ಕದಲ್ಲಿ ವರ್ಷಕ್ಕೆ 4 ಕೋಟಿ. ಹನ್ನೊಂದಕ್ಕೆ ಹಿಗ್ಗಿಸಿದ್ದರಿಂದ ಎರಡೂವರೆ ಕೋಟಿ ಚಿಲ್ಲರೆ. ಇಬ್ಬರೂ ಶಾರ್ಟ್‌ಸ್ಟಾಪ್‌ಗಳು. ಎಡಕ್ಕೂ ಬಲಕ್ಕೂ ಜಿಂಕೆಯಂತೆ ನೆಗೆದು ಚೆಂಡು ಹಿಡಿಯಬೇಕಾದ ಜಾಗ ಅದು. ಒಪ್ಪಂದದ ಕೊನೆಯ ಹಂಗಾಮಿನಲ್ಲಿ ಇಬ್ಬರ ವಯಸ್ಸೂ ನಲವತ್ತು. ಎರಡನೇ ವರ್ಷಕ್ಕೇ ಬೋಗಾರ್ಟ್ಸ್‌ರನ್ನು ಎರಡನೇ ಬೇಸ್ ಎಂಬ ಸ್ವಲ್ಪ ಹಗುರದ ಜಾಗಕ್ಕೆ ಸರಿಸಿ ನೋಡಿದರು. ಕೊನೆಯ ನಾಲ್ಕು ವರ್ಷ ಆಡುತ್ತಾರೆಂದು ಯಾರೂ ನಂಬಿಲ್ಲ. ಅವು ಭಾಜಕದ ಕೆಲಸಕ್ಕೆ ಇಟ್ಟುಕೊಂಡ ವರ್ಷಗಳು.

ಇಷ್ಟೆಲ್ಲ ತಿಳಿದವರು ಮೂವತ್ತು ದಾಟುತ್ತಿರುವವರಿಗೇ ಯಾಕೆ ಬೀಳುತ್ತಾರೆ? ನಿಯಮವೇ ಹಾಗಿದೆ. ಆರು ವರ್ಷ ದೊಡ್ಡ ಲೀಗಿನಲ್ಲಿ ದುಡಿಯದೆ ಯಾರೂ ಫ್ರೀ ಏಜೆಂಟ್, ಅಂದರೆ ಬೇಕಾದ ತಂಡಕ್ಕೆ ಹೋಗಬಲ್ಲ ಸ್ವತಂತ್ರ ಆಟಗಾರ, ಆಗುವಂತಿಲ್ಲ. ಮೈಯಲ್ಲಿ ಕಸುವು ತುಂಬಿದ ವರ್ಷಗಳೆಲ್ಲ ಅಗ್ಗದಲ್ಲಿ ಕಳೆದುಹೋಗುತ್ತವೆ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ 2025ರಲ್ಲಿ ತಮ್ಮ ಲೀಗಿನ ಶ್ರೇಷ್ಠ ಪಿಚರ್ (ಚೆಂಡೆಸೆಯುವವರು) ಆಗಿ ಸರ್ವಾನುಮತದಿಂದ ಸೈ ಯಂಗ್ ಪ್ರಶಸ್ತಿ ಪಡೆದರು. ಸಂಬಳ 8.75 ಲಕ್ಷ ಡಾಲರ್. ಒಂದು ವರ್ಷದ ಸೇವೆ ಎಂದರೆ 172 ದಿನ. 2015ರಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್‌ರನ್ನು ಹಂಗಾಮು ಶುರುವಾಗಿ ಸ್ವಲ್ಪ ದಿನ ತಡೆದು ಕರೆಸಿಕೊಂಡಿತು. ಅವರ ಲೆಕ್ಕಕ್ಕೆ ಬಿದ್ದದ್ದು 171. ಒಂದು ದಿನದ ಕೊರತೆಗೆ ಒಂದು ವರ್ಷದ ಸ್ವಾತಂತ್ರ್ಯ ಹೋಯಿತು, ದೂರು ಕೊಟ್ಟರೂ ಸೋತರು. ಕಡೆಗೂ ಬಿಡುಗಡೆಯಾಗಿ ಹೊಸ ಒಪ್ಪಂದಕ್ಕೆ ಸಹಿ ಹಾಕುವಾಗ ಮೂವತ್ತು ತುಂಬಿತ್ತು. ಕೊಲರಾಡೊ ರಾಕೀಸ್ ಏಳು ವರ್ಷಕ್ಕೆ 18.2 ಕೋಟಿ ಕೊಟ್ಟಿತು, ಅದೇ ವರ್ಷ ಬೆನ್ನು ಕೈಕೊಟ್ಟಿತು. ಹಾಲು ಕೊಡುವಾಗ ಹುಲ್ಲು, ಬತ್ತಿದ ಮೇಲೆ ಹಿಂಡಿ: ಇಡೀ ಲೀಗಿನ ಗೋಶಾಲೆ ನಡೆಯುವುದೇ ಹೀಗೆ.

ಬೆನ್ನು, ಮೊಣಕೈ, ಸೊಂಟಗಳ ವಿಷಯದಲ್ಲಿ 2019ರ ಡಿಸೆಂಬರ್ ಒಂದು ಪಾಠಶಾಲೆ. ಆ ವರ್ಷ ವಾಷಿಂಗ್ಟನ್ ನ್ಯಾಷನಲ್ಸ್ ಚಾಂಪಿಯನ್ ಆಗಿತ್ತು. ತಂಡದ ಇಬ್ಬರು ವೀರರು ಒಬ್ಬರೇ ಏಜೆಂಟ್ ಸ್ಕಾಟ್ ಬೋರಸ್ ಅವರ ಕೈ ಹಿಡಿದು, ಎರಡು ದಿನದ ಅಂತರದಲ್ಲಿ, ಏಳು ವರ್ಷಕ್ಕೆ 24.5 ಕೋಟಿ ಡಾಲರ್‌ನಂತೆ ಎರಡು ಒಪ್ಪಂದ ಮಾಡಿಕೊಂಡರು. ಸ್ಟೀಫನ್ ಸ್ಟ್ರಾಸ್‌ಬರ್ಗ್ ವಾಷಿಂಗ್ಟನ್‌ನಲ್ಲೇ ಉಳಿದರು. ಆ ಬಳಿಕ ಎಸೆದದ್ದು ಎಂಟೇ ಪಂದ್ಯ. ಆಂಥನಿ ರೆಂಡೋನ್ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಸೇರಿದರು. ಮೊದಲ ಆರು ವರ್ಷದಲ್ಲಿ ತಂಡ ಆಡಿದ 870 ಪಂದ್ಯಗಳಲ್ಲಿ ಇವರು ಕಣಕ್ಕಿಳಿದದ್ದು 257. ಪಂದ್ಯಕ್ಕಿಷ್ಟು ಎಂದು ಭಾಗಿಸಲು ಕ್ಯಾಲ್ಕ್ಯುಲೇಟರ್ ಸಾಕು, ಆದರೆ ಸ್ಟ್ರಾಸ್‌ಬರ್ಗ್ ವಿಷಯದಲ್ಲಿ ಬಂದ ಉತ್ತರ ಓದಲು ಎದೆ ಗಟ್ಟಿ ಬೇಕು.

ಇಂಥ ಹೊತ್ತಿನಲ್ಲಿ ಆಟಗಾರ ಎಂದೂ ಉಚ್ಚರಿಸಬಾರದ ಪದ ‘ನಿವೃತ್ತಿ’. ತಾನಾಗಿ ರಾಜೀನಾಮೆ ಕೊಟ್ಟರೆ ಉಳಿದ ಸಂಬಳ ಹೋಯಿತು. ಗಾಯಾಳುಗಳ ಪಟ್ಟಿಯಲ್ಲಿ ಕುಳಿತರೆ ಹದಿನೈದು ದಿನಕ್ಕೊಮ್ಮೆ ಚೆಕ್. ಹಾಗಾಗಿ ಸ್ಟ್ರಾಸ್‌ಬರ್ಗ್ ಬೀಳ್ಕೊಡುಗೆಗೆ 2023ರ ಸೆಪ್ಟೆಂಬರ್‌ನಲ್ಲಿ ಗೊತ್ತಾಗಿದ್ದ ಪತ್ರಿಕಾಗೋಷ್ಠಿ ರದ್ದಾಗಿ, ಲೆಕ್ಕ ಚುಕ್ತಾ ಆಗುವ ಹೊತ್ತಿಗೆ 2024ರ ಏಪ್ರಿಲ್ ಬಂದಿತ್ತು. ಮದುವೆಗಿಂತ ಸೋಡಚೀಟಿಗೆ ಹೆಚ್ಚು ವಕೀಲರು ಬೇಕು.

ಬೇಡವಾದವರನ್ನು ಸಾಗಹಾಕುವುದಕ್ಕೂ ಒಂದು ಕ್ರಮವಿದೆ. ಕೈಬಿಟ್ಟರೆ ಉಳಿದ ಸಂಬಳವೆಲ್ಲ ಹಳೇ ಮಾಲೀಕನ ತಲೆಗೆ, ಹೊಸಬ ಲೀಗಿನ ಕನಿಷ್ಠ ವೇತನ ಕೊಟ್ಟರೆ ಸಾಕು. 24 ಕೋಟಿಯ ಹತ್ತು ವರ್ಷದ ಒಪ್ಪಂದದ ಕೊನೆಯ ವರ್ಷ, 2021ರ ಮೇ ತಿಂಗಳಲ್ಲಿ ಏಂಜಲ್ಸ್ ಆಲ್ಬರ್ಟ್ ಪೂಹೋಲ್ಸ್‌ರನ್ನು ಹೊರಹಾಕಿತು. ಆ ವರ್ಷದ ಸಂಬಳ 3 ಕೋಟಿ. ಎತ್ತಿಕೊಂಡವರು ಯಾರು? ಪಕ್ಕದ ಮನೆಯ ಡಾಡ್ಜರ್ಸ್. ಏಂಜಲ್ಸ್ ಖರ್ಚಿನಲ್ಲಿ ಅವರಿಗೆ ಡಜನ್ ಹೋಮ್ ರನ್ (ಬೇಸ್‌ಬಾಲಿನ ಸಿಕ್ಸರ್) ಬಂತು. 2023ರಲ್ಲಿ ಮೆಟ್ಸ್‌ನದು ಇನ್ನೂ ಭರ್ಜರಿ. ವರ್ಷಕ್ಕೆ 4.33 ಕೋಟಿಯಂತೆ ತಂದಿದ್ದ ಇಬ್ಬರು ಹಿರಿಯ ಪಿಚರ್‌ಗಳಾದ ಮ್ಯಾಕ್ಸ್ ಶೆರ್ಜರ್ ಮತ್ತು ಜಸ್ಟಿನ್ ವರ್ಲ್ಯಾಂಡರ್ ಅವರನ್ನು ನಡುವಲ್ಲೇ ಟೆಕ್ಸಾಸ್, ಹ್ಯೂಸ್ಟನ್‌ಗಳಿಗೆ ಸಾಗಿಸಿ, ಜೊತೆಗೆ ಕೋಟಿಗಟ್ಟಲೆ ನಗದನ್ನೂ ಕಳಿಸಿತು. ಹೆಣ್ಣು ಕೊಟ್ಟು, ವರದಕ್ಷಿಣೆ ಕೊಟ್ಟು, ಮನೆ ಬಾಡಿಗೆಯನ್ನೂ ಕಟ್ಟಿದ ಹಾಗೆ. ಆ ವರ್ಷ ಟೆಕ್ಸಾಸ್ ವಿಶ್ವ ಸರಣಿ ಗೆದ್ದು ಚಾಂಪಿಯನ್ ಆಯಿತು.

ಕೋಹೆನ್ ಎದೆಗುಂದಲಿಲ್ಲ. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ ಅವರಿಗೆ ಹದಿನೈದು ವರ್ಷಕ್ಕೆ 76.5 ಕೋಟಿ, ಉದ್ರಿಯಿಲ್ಲದೆ, ಸಹಿಯ ಉಡುಗೊರೆ 7.5 ಕೋಟಿ. ಮನೆಯವರಿಗೆ ಕ್ರೀಡಾಂಗಣದಲ್ಲಿ ಪಂದ್ಯ ನೋಡಲು ಬಿಟ್ಟಿ ಸೂಟ್ (ಖಾಸಗಿ ಕೋಣೆ) ಬೇರೆ. ಊರಿನ ಇನ್ನೊಂದು ತಂಡವಾದ ಯಾಂಕೀಸ್‌ನಲ್ಲಿ ಆರನ್ ಜಡ್ಜ್ ಅಂಥವರೂ ಸೂಟಿಗೆ ದುಡ್ಡು ಕೊಡುತ್ತಾರಂತೆ. ಸೋಟೊ 2025ರಲ್ಲಿ 43 ಹೋಮ್ ರನ್ ಬಾರಿಸಿ ಋಣ ತೀರಿಸಿದರು. ತಂಡ ಮಾತ್ರ ಕೊನೆಯ ದಿನ ಮಯಾಮಿ ಮಾರ್ಲಿನ್ಸ್ ಎಂಬ ಲೀಗಿನ ಅತಿ ಅಗ್ಗದ ತಂಡಗಳಲ್ಲೊಂದರ ಕೈಲಿ ಸೋತು ಪ್ಲೇಆಫ್ ಬಾಗಿಲಲ್ಲೇ ನಿಂತಿತು. ತೆರಿಗೆ 9 ಕೋಟಿ ಮೀರಿತ್ತು.

ಹಾಗಾದರೆ ದುಡ್ಡು ಚೆಲ್ಲುವುದು ದಡ್ಡತನವೇ? ಅದನ್ನು ಡಾಡ್ಜರ್ಸ್ ಹೇಳಲು ಬಿಡುವುದಿಲ್ಲ. 2025ರಲ್ಲಿ ಅವರು ಕಟ್ಟಿದ ತೆರಿಗೆ ಸುಮಾರು 16.9 ಕೋಟಿ; ಆ ವರ್ಷವೂ ಅದರ ಹಿಂದಿನ ವರ್ಷವೂ ಕಪ್ ಅವರದೇ. ಒಟಾನಿಯನ್ನು ಹುಡುಕಿಕೊಂಡು ಜಪಾನಿನ ಜಾಹೀರಾತುದಾರರೂ ಬಂದರು. ಡಾಡ್ಜರ್ಸ್ ತಂಡವನ್ನು ನೋಡಿ ಬರೆ ಹಾಕಿಕೊಂಡವರು ಉಳಿದವರು. ಇನ್ನು ಬರೆಯನ್ನೂ ಹಾಕಿಕೊಳ್ಳದ ಒಂದು ಜಾತಿಯಿದೆ. ಶ್ರೀಮಂತ ತಂಡಗಳ ಆದಾಯದಲ್ಲಿ ಪಾಲು ಪಡೆದು, ಆಟದ ಮಟ್ಟ ಸುಧಾರಿಸಲು ಬಳಸಬೇಕಾದ ಆ ಹಣವನ್ನು ಬಳಸುತ್ತಿಲ್ಲವೆಂದು 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತ್ತು. ಪೈರೇಟ್ಸ್, ಮಾರ್ಲಿನ್ಸ್ ಎರಡೂ ಆ ಪಟ್ಟಿಯಲ್ಲಿದ್ದವು. ಡಾಡ್ಜರ್ಸ್ ಆಟವನ್ನು ಕೆಡಿಸಿದರೆಂದು ಹೆಚ್ಚು ಕಣ್ಣೀರು ಹರಿಯುವುದು ಇಂಥ ಮಾಲೀಕರ ಕಡೆಯಿಂದಲೇ. ಅಳುವ ಗಂಡಸರನ್ನು ನಂಬಬಾರದೆಂದು ಗಾದೆ ಸುಮ್ಮನೆ ಹುಟ್ಟಲಿಲ್ಲ.

ಉದ್ರಿ ವಿದ್ಯೆಯ ಮೂಲಗುರು ಬಾಬಿ ಬೊನಿಯ ಅವರಿಗೆ ನಮಸ್ಕರಿಸದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. 2000ದಲ್ಲಿ ಇವರು ಬೇಡವಾದಾಗ ಮೆಟ್ಸ್ ಕೊಡಬೇಕಿದ್ದದ್ದು 59 ಲಕ್ಷ ಡಾಲರ್. ಅಂದಿನ ಮಾಲೀಕರಲ್ಲೊಬ್ಬರಾದ ಫ್ರೆಡ್ ವಿಲ್ಪನ್ ಅದನ್ನು ಶೇ 8ರ ಬಡ್ಡಿಗೆ ಮುಂದೂಡಿದರು. ವಿಲ್ಪನ್ ಹಣ ಬರ್ನಿ ಮೇಡಾಫ್ ಎಂಬ ಹೂಡಿಕೆ ವ್ಯವಹಾರಸ್ಥನ ಬಳಿ ಅದಕ್ಕಿಂತ ಹೆಚ್ಚು ಬೆಳೆಯುತ್ತಿತ್ತು, ಕಾಗದದ ಮೇಲೆ. 2008ರಲ್ಲಿ ಮೇಡಾಫ್ ವಂಚನೆಗಾಗಿ ಸಿಕ್ಕಿಬಿದ್ದು ಅದು ಬರೀ ಕಾಗದವೆಂದು ತಿಳಿಯಿತು. ಬೊನಿಯ ಕೈಲಿದ್ದ ಕಾಗದ ಮಾತ್ರ ಅಪ್ಪಟ. 2011ರಿಂದ ಪ್ರತಿ ಜುಲೈ 1ಕ್ಕೆ 11,93,248 ಡಾಲರ್ 20 ಸೆಂಟ್, ಇಪ್ಪತ್ತೈದು ವರ್ಷ, ಒಟ್ಟು ಮೂರು ಕೋಟಿಗೆ ಒಂದಿಷ್ಟು ಕಡಿಮೆ. ಮಾಲೀಕರು ಬದಲಾದರು, ಚೆಕ್ ಬದಲಾಗಲಿಲ್ಲ.

ಬೊನಿಯ ಅವರ ಕೊನೆಯ ಕಂತು 2035ರ ಜುಲೈ 1ಕ್ಕೆ. ಒಟಾನಿಯ ಎರಡನೇ ಕಂತೂ ಅದೇ ದಿನ. ಒಬ್ಬರಿಗೆ ಆಗ ಎಪ್ಪತ್ತೆರಡು, ಇನ್ನೊಬ್ಬರಿಗೆ ನಲವತ್ತೊಂದಾಗಲು ನಾಲ್ಕು ದಿನ ಬಾಕಿ. ಅಂದು ಬೆಳಿಗ್ಗೆ ನ್ಯೂಯಾರ್ಕ್‌ನಲ್ಲೊಂದು, ಲಾಸ್ ಏಂಜಲೀಸ್‌ನಲ್ಲೊಂದು ಬಾಗಿಲು ಬಡಿಯುವ ಸದ್ದು ಕೇಳಿಸುತ್ತದೆ.